ಬಣ್ಣವಿಲ್ಲದ ರಾಜನ ಹಣೆ

ಹರೆಯದಿಂದ ಹಿಡಿದು ತಲೆ ನರೆಯುವವರೆಗೆ ನಮ್ಮಣ್ಣ ನಾಟಕದಲ್ಲಿ ರಾಕ್ಷಸನೇ. ಮಕ್ತಲ್ ಕಡೆಯ ನಮ್ಮೂರಿನ ಮೇಳದಲ್ಲಿ ಪಾತ್ರ ಹಂಚುವುದು ದನಿ ನೋಡಿ ಅಲ್ಲ, ಮೈಬಣ್ಣ ನೋಡಿ. ಕೆಂಪಗಿದ್ದವನು ರಾಜ, ನಡುವಿನವನು ಮಂತ್ರಿ, ಕಪ್ಪಗಿದ್ದವನು ರಾಕ್ಷಸ. ರಾಜನಿಗೂ ಮಂತ್ರಿಗೂ ಮುಖದ ತುಂಬ ಬಿಳಿ ಬಳಿಯುತ್ತಾರೆ, ರಾಜನ ಕೆನ್ನೆಗೆ ಮೇಲೊಂದಿಷ್ಟು ಗುಲಾಬಿ. ಅದಕ್ಕೆ ದೊರಿ ಬಣ್ಣ ಎಂದು ಹೆಸರು. ಅಣ್ಣ ಹುಡುಗನಿದ್ದಾಗ ಒಮ್ಮೆ ಹಚ್ಚಿಸಿಕೊಂಡಿದ್ದನಂತೆ. ಬಣ್ಣದವರು, “ಬೂದಿ ಬಡಕೊಂಡಂಗ ಕಾಣ್ತೈತಿ, ತೊಳಕೊ ಹೋಗು” ಎಂದಿದ್ದರು.

ರಾಜನ ಮಾತುಗಳೆಲ್ಲ ಅವನಿಗೆ ಬಾಯಿಪಾಠ. ಕುರಿ ಹಿಂದೆ ಹೋದಾಗ ಹೇಳಿಕೊಳ್ಳುತ್ತಿದ್ದ. ಸಾಯುವುದರೊಳಗೆ ಒಂದು ಸಲ ರಾಜ ಆಗಬೇಕು ಎನ್ನುವುದು ಅವನಿಗಿದ್ದ ಒಂದೇ ಆಸೆ. ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ನಾನು ರಾಯಚೂರಿನ ಪತ್ರಿಕೆಗೆ ಈ ಭಾಗದ ಸುದ್ದಿ ಬರೆಯುವವನು. ಹೈದರಾಬಾದಿನಿಂದ ಒಬ್ಬ ನಿರ್ದೇಶಕಿ ಬಂದು ಮೇಳದವರ ಜೊತೆ ಕೆಲಸ ಮಾಡುತ್ತಾರೆ ಎಂಬ ಸುದ್ದಿಯನ್ನೂ ನಾನೇ ಬರೆದಿದ್ದೆ. ಮೊದಲ ದಿನ ಅವರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟು: ಅರಮನೆ ಬರೆದ ಪರದೆ, ಕಟ್ಟಿದ ಸ್ಟೇಜು, ಹಾರ್ಮೋನಿಯಂ, ಈ ಬಿಳಿ ಮುಖ, ಇವು ಯಾವುವೂ ನಿಮ್ಮವಲ್ಲ. ಬ್ರಿಟಿಷರ ನಾಟಕ ನೋಡಿ ಪಟ್ಟಣದ ನಾಟಕ ಕಂಪನಿಗಳು ಕಲಿತವು, ಕಂಪನಿಗಳನ್ನು ನೋಡಿ ನೀವು ಕಲಿತಿರಿ.

ಹಾರ್ಮೋನಿಯಂ ನುಡಿಸುವ ಹಿರಿಯರು ಕೇಳಿದರು. “ನಮ್ಮ ಕಡಿ ನಿಜಾಮರ ಸರ್ಕಾರ ಇತ್ತಲ್ರೀ ಅಮ್ಮ. ಇಂಗ್ಲಿಷರು ಎಲ್ಲಿಂದ ಬಂದ್ರು?”

“ಅವರು ಬರಬೇಕಾಗಿರಲಿಲ್ಲ. ಕಂಪನಿಯವರು ರೈಲಿನಲ್ಲಿ ಬಂದು ಕೃಷ್ಣಾ ಸ್ಟೇಷನ್ನಿನಲ್ಲಿ ಇಳಿದರೆ ಸಾಕಾಗಿತ್ತು.”

“ಹಂಗಾರ ನನ್ನ ಪೆಟ್ಟಿಗಿ ಸುದ್ದಿ ಏನ್ರಿ? ಅದನ್ನೂ ರೈಲಿಗೆ ಹಾಕಿ ಕಳಸೂಣೇನು?”

ಎಲ್ಲರೂ ನಕ್ಕರು, ನಿರ್ದೇಶಕಿಯೂ ನಕ್ಕರು. ಪೆಟ್ಟಿಗೆ ಇಲ್ಲದೆ ಯಾರಿಗೂ ಶ್ರುತಿ ಸಿಗಲಿಲ್ಲವಾದ್ದರಿಂದ ಅದು ಉಳಿಯಿತು. ಪರದೆ ಹೋಯಿತು, ಬಣ್ಣ ಹೋಯಿತು. ಎಲ್ಲರೂ ತಮ್ಮ ಮುಖದಲ್ಲೇ ಆಡಬೇಕು ಎಂದಾಯಿತು. ರಾಜನ ಪಾತ್ರಕ್ಕೆ ಅವರು ಅಣ್ಣನನ್ನು ಆರಿಸಿದರು.

ಆ ದಿನ ಅಣ್ಣ ಮನೆಗೆ ಬಂದು ಊಟ ಮಾಡಿ ಕೈ ತೊಳೆದ ಮೇಲೆ ಹೇಳಿದ. “ರಾಜನ್ನ ಮಾಡು ಅಂದಾರ.” ಅತ್ತಿಗೆ ಒಳಗಿನಿಂದಲೇ, “ಬಣ್ಣ ಹತ್ತಂಗಿಲ್ಲಂತಿದ್ರಲ್ಲ ನಿಮಗ” ಎಂದರು. “ಬಣ್ಣ ಇಲ್ಲಂತ” ಎಂದ.

ನಮ್ಮ ಮೇಳದಲ್ಲಿ ಒಂದು ಕಟ್ಟಳೆ ಇದೆ. ರಾಜ ಮೊದಲ ಸಲ ಬಂದು ನಿಂತಾಗ ಬೀರಪ್ಪನ ಗುಡಿಯ ಪೂಜಾರಿ ಎದ್ದು ಹೋಗಿ ಅವನ ಹಣೆಗೆ ಭಂಡಾರ ಹಚ್ಚುತ್ತಾರೆ. ದೇವರ ಆ ಅರಿಸಿನ ಹಣೆಗೆ ಬಿದ್ದ ಮೇಲೆಯೇ ರಾಜ ಬಾಯಿ ತೆರೆಯಬೇಕು. ಅದನ್ನು ಕೇಳಿ ಹಚ್ಚಿಸಿಕೊಳ್ಳುವಂತಿಲ್ಲ, ಹಚ್ಚಿದ್ದನ್ನು ಒರೆಸುವಂತಿಲ್ಲ. ಯಾರ ಹಣೆಗೆ ಬಿತ್ತೋ ಆ ದಿನಕ್ಕೆ ಅವನೇ ರಾಜ. ಆಟ ಯಾವ ಊರಲ್ಲಿದ್ದರೂ ಪೂಜಾರಿ ಜೊತೆಗೆ ಬರುತ್ತಾರೆ, ತಾಲೀಮಿಗೆ ಮಾತ್ರ ಬರುವವರಲ್ಲ. ರಾಜ ಯಾರು ಎಂದು ಅವರಿಗೆ ಮುಂಚೆ ಹೇಳುವ ರೂಢಿಯೂ ಇಲ್ಲ, ಮುಖದ ದೊರಿ ಬಣ್ಣವೇ ಹೇಳುತ್ತಿದ್ದರಿಂದ ಅದರ ಅಗತ್ಯ ಎಂದೂ ಬಿದ್ದಿರಲಿಲ್ಲ. ಇಷ್ಟೆಲ್ಲ ಬದಲಾಯಿಸುವಾಗ ಈ ಒಂದು ವಿಷಯ ಯಾರ ತಲೆಗೂ ಬರಲಿಲ್ಲ. ನನಗೂ ಬರಲಿಲ್ಲ.

ಮೊದಲ ಪ್ರದರ್ಶನ ಗದ್ವಾಲಿನಲ್ಲಿ, ಕೋಟೆಯ ಹತ್ತಿರದ ಬಯಲಿನಲ್ಲಿ, ಬಿಸಿಲು ಇಳಿಯುವ ಹೊತ್ತಿಗೆ. ಮುಂದೆ ಹೈದರಾಬಾದಿನ ಅತಿಥಿಗಳು, ಅವರ ಹಿಂದೆ ಉಂಡವಳ್ಳಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಜನ. ಅಣ್ಣ ನಡುವೆ ಬಂದು ನಿಂತ. ಕಿರೀಟ ಇತ್ತು, ಅದು ನಮ್ಮಲ್ಲಿ ರಾಕ್ಷಸನಿಗೂ ಇರುವುದೇ; ಮುಖಕ್ಕೆ ಏನೂ ಇರಲಿಲ್ಲ. ಅವನ ಹಿಂದೆ ಮಂತ್ರಿ ಬಂದ. ಮಂತ್ರಿಯ ಪಾತ್ರದವನು ನಾರಾಯಣಪೇಟೆಯ ನೇಕಾರ. ಬರಿ ಮುಖದಲ್ಲಿ ಜನರ ಮುಂದೆ ನಿಂತು ಅವನಿಗೆ ಅಭ್ಯಾಸವಿಲ್ಲ. ಯಾರಿಗೂ ಹೇಳದೆ ಮನೆಯಲ್ಲೇ ತೆಳ್ಳಗೆ ದೊರಿ ಬಣ್ಣ ತೀಡಿಕೊಂಡು, ಮೇಲೆ ಟವೆಲ್ ಸುತ್ತಿಕೊಂಡು ಬಂದಿದ್ದ. ಆಟಕ್ಕೆ ಇಳಿಯುವಾಗ ಟವೆಲ್ ತೆಗೆದ.

ಪೂಜಾರಿ ಭಂಡಾರದ ಚೀಲ ಹಿಡಿದು ಎದ್ದರು. ಅಣ್ಣನ ಎದುರಿಗೆ ಬಂದರು. ಅಣ್ಣ ತಲೆ ಬಾಗಿಸಿದ. ಪೂಜಾರಿ, “ಅತ್ತ ಸರಿಯೋ ತಮ್ಮಾ” ಎಂದು ಅವನ ಭುಜ ಮುಟ್ಟಿ, ಪಕ್ಕಕ್ಕೆ ಹಾಯ್ದು ಹೋಗಿ ಮಂತ್ರಿಯ ಹಣೆಗೆ ಹಚ್ಚಿದರು.

ಮಂತ್ರಿ ಕೈ ಅಡ್ಡ ಹಿಡಿಯುವುದರೊಳಗೆ ಆಗಿಹೋಗಿತ್ತು. ಹಾರ್ಮೋನಿಯಂ ನಿಂತಿತು. ನಿರ್ದೇಶಕಿ ಬದಿಯಿಂದ ಕೈ ಮಾಡಿ ಮುಂದುವರಿಸಿ ಎಂದು ತೋರಿಸುತ್ತಿದ್ದರು. ಅಣ್ಣ ಅತ್ತ ನೋಡಲಿಲ್ಲ. ಕಿರೀಟ ತೆಗೆದು ನೇಕಾರನ ತಲೆಗಿಟ್ಟ, ಒಂದು ಹೆಜ್ಜೆ ಹಿಂದೆ ಸರಿದ, ಮಂತ್ರಿಯ ಮಾತು ಶುರು ಮಾಡಿದ. ನೇಕಾರನಿಗೆ ರಾಜನ ಮಾತು ಅಷ್ಟಾಗಿ ಬರುತ್ತಿರಲಿಲ್ಲ. ಅಣ್ಣ ಪಕ್ಕದಿಂದ ಸಣ್ಣ ದನಿಯಲ್ಲಿ ಹೇಳಿಕೊಡುತ್ತಾ ಹೋದ. ನಾಟಕ ಮುಗಿಯಿತು. ಅತಿಥಿಗಳಿಗೆ ಏನೂ ತಿಳಿದಂತೆ ಕಾಣಲಿಲ್ಲ.

ಆಮೇಲೆ ನಿರ್ದೇಶಕಿ ಬಂದು ಅಣ್ಣನ ಪಕ್ಕ ನೆಲದ ಮೇಲೇ ಕುಳಿತರು. “ನನ್ನ ತಪ್ಪು. ನಾರಾಯಣಪೇಟೆಯ ಆಟಕ್ಕೆ ಪೂಜಾರಿಗೆ ಮೊದಲೇ ಹೇಳಿಡೋಣ.”

“ಹೇಳಿ ಹಚ್ಚಿಸ್ಕೊಂಡ್ರ ಅದು ಭಂಡಾರ ಆಗಂಗಿಲ್ರೀ ಅಮ್ಮ.”

“ಹಾಗಾದರೆ ನೀವೂ ಬಿಳಿ ಹಚ್ಚಿಕೊಳ್ಳಬೇಕು ಅಂತೀರಾ?”

“ನನ್ನ ಮುಖಕ್ಕ ಅದು ನಿಂದರಂಗಿಲ್ರಿ. ನೋಡೀನಿ.”

ನೇಕಾರ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅಣ್ಣ ಅವನನ್ನು ಕರೆದು, “ಏ ಮಹಾರಾಜಾ, ಚಾ ಕುಡಿ ಬಾ” ಎಂದ.

ನಾರಾಯಣಪೇಟೆಯ ಆಟದ ಹೊತ್ತಿಗೆ ನಿರ್ದೇಶಕಿ ತಾವೇ ನಿಂತು ಎಲ್ಲರ ಮುಖ ನೋಡಿದರು. ಯಾರ ಮೇಲೂ ಬಣ್ಣ ಇರಲಿಲ್ಲ. ಅಣ್ಣ ಬಂದ, ಹಿಂದೆ ನೇಕಾರ, ಹಿಂದೆ ಉಳಿದವರು. ಕಿರೀಟ ಈ ಸಲ ಯಾರಿಗೂ ಇರಲಿಲ್ಲ. ಭಂಡಾರ ಬಿದ್ದ ಮೇಲೆ ಇಟ್ಟರಾಯಿತು ಎಂದು ಅಣ್ಣನೇ ಹೇಳಿದ್ದ.

ಪೂಜಾರಿ ಎದ್ದು ಬಂದರು. ಅಣ್ಣನ ಮುಖ ನೋಡಿದರು, ನೇಕಾರನ ಮುಖ ನೋಡಿದರು, ಸಾಲಿನ ಕೊನೆಯವರೆಗೆ ಹೋಗಿ ತಿರುಗಿ ಬಂದರು. “ಇದರಾಗ ರಾಜ ಯಾರಪ್ಪ?” ಎಂದರು.

ಆಡುವವರು ಉತ್ತರ ಕೊಡುವಂತಿಲ್ಲ. ಜನರೊಳಗಿಂದ ಅಲ್ಲೇ ಹತ್ತಿರದ ಮದ್ದೂರಿನ ಒಬ್ಬರು ಕೂಗಿ ಹೇಳಿದರು. “ಮುಂದ ನಿಂತಾನಲ್ಲೋ ಅಜ್ಜಾ, ಎತ್ತರದಾವ.”

“ಅವ ನಮ್ಮ ರಾಕ್ಷಸ ಅಲ್ಲೇನು?”

ಜನ ನಕ್ಕರು. ಪೂಜಾರಿ ಗೇಲಿಗೆ ಹೇಳಿದ್ದಲ್ಲ. ಅಣ್ಣ ಹುಟ್ಟಿದಾಗ ತೊಟ್ಟಿಲಿಗೆ ಭಂಡಾರ ಹಾಕಿದ್ದವರೇ ಅವರು. ಇನ್ನೂ ಸ್ವಲ್ಪ ಹೊತ್ತು ಕಾದರು. ದೊರಿ ಬಣ್ಣ ಹಚ್ಚಿದವರು ಯಾರಾದರೂ ಬರುತ್ತಾರೇನೋ ಎಂದು ಆಡುವವರು ಬರುವ ದಾರಿಯ ಕಡೆ ನೋಡಿದರು. ಯಾರೂ ಬರಲಿಲ್ಲ. ಚೀಲದ ಬಾಯಿ ಕಟ್ಟಿ, ಹೋಗಿ ತಮ್ಮ ಜಾಗದಲ್ಲಿ ಕುಳಿತರು.

ಕಿರೀಟ ಹಿಡಿದವನು ಅದನ್ನು ತರಲೋ ಬೇಡವೋ ಎಂದು ಅಲ್ಲೇ ನಿಂತಿದ್ದ. ಅಣ್ಣ ಬೇಡ ಎಂದು ತಲೆ ಆಡಿಸಿದ. ನಾನು ಎರಡನೆಯ ಸಾಲಿನಲ್ಲಿದ್ದೆ. ಅವನು ಇನ್ನು ಹೊರಗೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಬರಿ ಹಣೆಯಲ್ಲಿ, ಬರಿ ತಲೆಯಲ್ಲಿ ನಿಂತು ರಾಜನ ಮೊದಲ ಮಾತು ಹೇಳಿದ. ಕೊನೆಯ ಮಾತಿನವರೆಗೂ ಹೇಳಿದ. ಒಂದೂ ತಪ್ಪಲಿಲ್ಲ.

ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕುಳಿತಿದ್ದವರು ನನ್ನನ್ನು, “ಚೊಲೊ ಮಾಡಿದ. ಪಾತ್ರ ಯಾವುದ್ರೀ ಅದು?” ಎಂದು ಕೇಳಿದರು. ರಾಜ ಎಂದೆ. ಹೌದಾ ಎಂದು ಅವರು ಚಪ್ಪಲಿ ಹುಡುಕತೊಡಗಿದರು.