ಕೊಡುವವರು ಮೊದಲು ನೆಕ್ಕಬೇಕು

ಚಾಚಾರ ನಾಲಿಗೆ ಯಾವಾಗ ನೋಡಿದರೂ ಕಂದುಬಣ್ಣಕ್ಕೆ ತಿರುಗಿರುತ್ತಿತ್ತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ ಅವರದು ಗಿಡಮೂಲಿಕೆಯ ಸಣ್ಣ ಅಂಗಡಿ. ಪಕ್ಕದಲ್ಲೇ ನಮ್ಮ ಮನೆ. ಯಾರು ಏನೇ ಔಷಧಿ ಕೇಳಲಿ, ಪುಡಿಯನ್ನು ಕಿರುಬೆರಳಿಗೆ ಹಚ್ಚಿಕೊಂಡು, ಮೊದಲು ತಾವು ನೆಕ್ಕಿ, ಮುಖ ಕಿವುಚಿ, ಆಮೇಲೆ ಪೊಟ್ಟಣ ಕಟ್ಟುತ್ತಿದ್ದರು.

"ಕೊಡಾವ್ರು ಮೊದ್ಲ ನೆಕ್ಕಬೇಕು. ನಮ್ಮಪ್ಪನ ಕಾಲದಿಂದ ಇದ ರಿವಾಜು" ಎನ್ನುತ್ತಿದ್ದರು. ಹೊಟ್ಟೆ ಸಾಫ್ ಆಗಲು ಕೊಡುವ ಪುಡಿಯನ್ನೂ ಬಿಡುತ್ತಿರಲಿಲ್ಲ. ಅದಕ್ಕೆ ಗಿರಾಕಿ ಜಾಸ್ತಿ ಬಂದ ಸಂತೆಯ ದಿನ ಅವರು ಅಂಗಡಿಗಿಂತ ಹಿತ್ತಲಲ್ಲೇ ಹೆಚ್ಚು ಹೊತ್ತು ಇರುತ್ತಿದ್ದರು.

ಒಂದು ಸುಡು ಬೇಸಿಗೆಯಲ್ಲಿ ನಾನು ಊರಿಗೆ ಬಂದಾಗ ಅವರು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಬಿಚ್ಚಿಸಿ ನೋಡಿದರೆ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ನಾನು ಧಾರವಾಡದ ಲ್ಯಾಬೊಂದರಲ್ಲಿ ತಟ್ಟೆಯಲ್ಲಿ ಕ್ಯಾನ್ಸರ್ ಕಣ ಬೆಳೆಸಿ, ಅವುಗಳ ಮೇಲೆ ಗಿಡಗಳ ಸಾರ ಹಾಕಿ ಪರೀಕ್ಷಿಸುವವಳು.

"ಚಾಚಾ, ಇವತ್ತ ದವಾಖಾನಿಗೆ ನಡೀರಿ."

"ಯಾಕ? ಗುಡ್ಡದ ಬೇರು ಐತಲ್ಲ, ದಿನಾ ತಿನ್ನಾಕತ್ತೀನಿ. ನೀ ಅದನ್ನ ನಿನ್ನ ತಟ್ಟಿಗೆ ಹಾಕು ಬೇಟಿ. ಪಾಸಾದ್ರ ನಾ ಇಲ್ಲೇ ಕೂಡತೀನಿ. ಫೇಲಾದ್ರ ನೀ ಕರದಲ್ಲಿ ಬರ್ತೀನಿ."

ಬೈದೆ, ಅತ್ತು ಕರೆದೆ. ಮುದುಕ ಜಗ್ಗಲಿಲ್ಲ. ಬೇರಿನ ಡಬ್ಬಿ ಹಿಡಿದು ಧಾರವಾಡದ ಬಸ್ ಹತ್ತಿದೆ. ಬೇರು ಅರೆದು ಸಾರ ತೆಗೆಯುವಷ್ಟರಲ್ಲಿ ಫೋನು.

"ನೆಕ್ಕಿ ನೋಡಿದೇನ?"

"ಲ್ಯಾಬಿನ್ಯಾಗ ಏನೂ ಬಾಯಾಗ ಹಾಕ್ಕೊಳ್ಳಂಗಿಲ್ರಿ ಚಾಚಾ."

"ಯಾ ಅಲ್ಲಾ! ಹಂಗಾರ ಆ ಕಣಕ್ಕ ಯಾರ ದಿಕ್ಕು?"

ಕ್ಯಾನ್ಸರ್ ಕಣಗಳು ಸತ್ತವು. ಲ್ಯಾಬಿನವರೆಲ್ಲ ಹಿಗ್ಗಿದರು, ನಾನೊಬ್ಬಳೇ ತಲೆಯ ಮೇಲೆ ಕೈ ಹೊತ್ತು ಕೂತೆ. ಪಾಸ್ ಎಂದರೆ ಈ ಮನುಷ್ಯ ಅಂಗಡಿ ಬಿಟ್ಟು ಏಳುವುದಿಲ್ಲವಲ್ಲ! ಆಮೇಲೆ, ಹೋಲಿಕೆಗೆಂದು ಇಟ್ಟಿದ್ದ ಆರೋಗ್ಯವಂತ ಕಣಗಳ ತಟ್ಟೆ ನೋಡಿದೆ. ಅವೂ ಸತ್ತಿದ್ದವು. ಪ್ರಯೋಗ ಕೆಟ್ಟಿದ್ದಕ್ಕೆ ನಾನು ಅಷ್ಟು ಖುಷಿಪಟ್ಟಿದ್ದು ಅದೊಂದೇ ಸಲ. ಊರಿಗೆ ಓಡಿ ಬಂದು ಹೇಳಿದೆ.

"ಕೆಟ್ಟವೂ ಸತ್ತೂ, ಚಲೋವೂ ಸತ್ತೂ?" ಎಂದು ಚಾಚಾ ತಮ್ಮ ಕಿರುಬೆರಳನ್ನೇ ದಿಟ್ಟಿಸಿದರು. "ಅದನ್ನ ನಾ ದಿನಾ ತಿಂದೀನಲ್ಲವಾ!" ಲಗುಬಗೆಯಿಂದ ಬಾಯಿ ಮುಕ್ಕಳಿಸಿ, ಟೊಪ್ಪಿಗೆ ಹಾಕಿಕೊಂಡು ನನ್ನ ಜೊತೆ ಹೊರಟರು.

ದವಾಖಾನೆಯಲ್ಲಿ ಅದು ಕ್ಯಾನ್ಸರೇ ಎಂದರು. ಅಲ್ಲಿ ಇನ್ನೊಂದು ಫಜೀತಿ. ಸಲೈನಿಗೆ ಔಷಧಿ ಸೇರಿಸಲು ಬಂದ ಡಾಕ್ಟರ ಕೈ ಹಿಡಿದು ಚಾಚಾ, "ಮೊದ್ಲ ನೀವು ಒಂದ್ ಹನಿ ನೆಕ್ರಿ" ಎಂದರು.

ಡಾಕ್ಟರು ಗಾಬರಿಯಾದರು. "ಅಜ್ಜಾರ, ಇದು ಚಲೋ ಕಣಾನೂ ಕೊಲ್ತದ. ಹಂಗೆಲ್ಲ ಬಾಯಿಗೆ ಹಾಕ್ಕೊಳ್ಳಾಕ ಬರಂಗಿಲ್ರಿ."

ಚಾಚಾ ನನ್ನ ಕಡೆ ತಿರುಗಿದರು. "ಮತ್ತ ನನ್ನ ಬೇರು ಯಾಕ ಫೇಲ್ ಮಾಡಿದಿ?"

"ಎಷ್ಟು ಹಾಕಿದ್ರ ಮನಷ್ಯಾ ತಡೀತಾನ ಅನ್ನೂದು ಇವರಿಗೆ ಗೊತ್ತೈತ್ರಿ. ನಿಮ್ಮ ಬೇರಿಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಚಾಚಾ ತೋಳು ಮುಂದೆ ಮಾಡಿದರು. "ಆತು, ಚುಚ್ರಿ."

ಗಂಟು ಕರಗಿತು. ಆದರೆ ನಾಲಿಗೆಯ ರುಚಿ ಹೋಗಿಬಿಟ್ಟಿತು. ಊರಿಗೆ ಬಂದವರೇ ಔಷಧಿಯ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದರು. "ನನಗ ಬೆಲ್ಲಾನೂ ಒಂದ, ಮಣ್ಣೂ ಒಂದ. ನೆಕ್ಕಿ ಗೊತ್ತಾಗದ್ದನ್ನ ಮಂದಿಗೆ ಹ್ಯಾಂಗ ಕೊಡ್ಲಿ?" ಆಮೇಲೆ ಕೆಲವು ವರ್ಷ ಆ ಅಂಗಡಿಯಲ್ಲಿ ಊದಿನಕಡ್ಡಿ, ಲೋಬಾನ ಮಾತ್ರ ಸಿಗುತ್ತಿತ್ತು. ನನಗೋ ಅವರ ಬೈಗುಳ ಮೊದಲಿನಂತೆಯೇ ಧಾರಾಳವಾಗಿ ಸಿಗುತ್ತಿತ್ತು.

ಹೋದ ವರ್ಷ ಗಂಟು ಮತ್ತೆ ಬಂತು. ಈ ಸಲ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಕೊನೆಯ ದಿನ ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ನೀರು ಹಿಡಿದೆ. ತುಟಿ ಬಿಗಿಹಿಡಿದುಕೊಂಡು ಕಣ್ಣಷ್ಟೇ ತೆರೆದು ನನ್ನನ್ನು ನೋಡಿದರು. ಮಾತು ನಿಂತುಹೋಗಿತ್ತು, ಆದರೂ ಏನು ಕೇಳುತ್ತಿದ್ದಾರೆಂದು ತಿಳಿಯಿತು. ಅಳುತ್ತಲೇ ನಗು ಬಂತು.

ಮೊದಲು ನಾನು ಒಂದು ಗುಟುಕು ಕುಡಿದೆ. ಆಮೇಲೆ ಚಾಚಾ ಬಾಯಿ ತೆರೆದರು.