ಬೆಚ್ಚಗಿನ ಉಪ್ಪಿನ ಪೊಟ್ಟಣ

ದೊಡ್ಡಯ್ಯನ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ ಮುತ್ತುಗದೆಲೆಯ ಪೊಟ್ಟಣ ಯಾವಾಗಲೂ ಬೆಚ್ಚಗಿರುತ್ತಿತ್ತು. ಬೆಳಗ್ಗೆ ಗಂಜಾಮಿನ ಬಣ್ಣದ ಮನೆಗೆ ಬಂದವರೇ ಅದನ್ನು ತೆಗೆದು ನನ್ನ ಅಂಗೈಗೆ ಹಾಕುವರು. ಆಷಾಢದ ಗಾಳಿಗೆ ಕಾವೇರಿಯ ಕಡೆಯಿಂದ ತುಂತುರು ಹಾರಿಬರುವಾಗ ಆ ಬಿಸಿ ಎಷ್ಟು ಹಿತವಾಗಿರುತ್ತಿತ್ತೆಂದರೆ, ಪೊಟ್ಟಣ ಬಿಚ್ಚಲು ಬೇಕೆಂದೇ ತಡಮಾಡುತ್ತಿದ್ದೆ. ಒಳ್ಳೆಯ ಮನುಷ್ಯನ ಮೈಬಿಸಿ ಇದು ಎಂದುಕೊಳ್ಳುತ್ತಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿರಲಿಲ್ಲ.

ದೊಡ್ಡಯ್ಯ ಎಂದರೆ ನನ್ನಪ್ಪನ ಅಣ್ಣನಲ್ಲ. ರೇಷ್ಮೆ ಬೇಯಿಸಿ ಬಣ್ಣ ಹಾಕುವ ಆ ಮನೆಯ ಮೇಸ್ತ್ರಿ. ನಾನು ನಾಗಮಂಗಲದ ಕಮ್ಮಾರರ ಮನೆಯವನು. ಕುಲುಮೆಯ ಹೊಗೆ ಎದೆಗೆ ಒಗ್ಗದೆ ಸದಾ ಕೆಮ್ಮುತ್ತಿದ್ದವನನ್ನು ನಂಟರೊಬ್ಬರು ಕರೆತಂದು ಅವರ ಕೈಗೆ ಒಪ್ಪಿಸಿದರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಮ್ಮಾರ್ರ ಕೈ. ಒತ್ತಿ ಮುರೀಬೇಡ, ಇಲ್ಲಿ ಎಲ್ಲಾ ನಾಜೂಕು" ಎಂದಿದ್ದರು. ತಮ್ಮ ಬುತ್ತಿಯ ಮುದ್ದೆಯಲ್ಲಿ ಅರ್ಧ ಮುರಿದು ನನಗೆ ಕೊಡದೆ ಒಂದು ದಿನವೂ ಉಂಡವರಲ್ಲ. ಹಿಂಡಿದ ನಿಂಬೆಹೋಳುಗಳನ್ನು ಬಿಸಾಡಲು ಮನಸ್ಸಾಗದೆ ಬೆಲ್ಲ ಹಚ್ಚಿ ಚೀಪುತ್ತಾ ಮುಖ ಕಿವುಚಿಕೊಳ್ಳುತ್ತಿದ್ದರು.

ನಿಂಬೆಹಣ್ಣಿಗೂ ರೇಷ್ಮೆಗೂ ಏನು ಸಂಬಂಧವೆಂದರೆ, ಹಸಿ ರೇಷ್ಮೆಯ ಮೈಮೇಲೆ ಒಂದು ಅಂಟು ಇರುತ್ತದೆ. ಅದನ್ನು ಚೌಳುನೀರಿನಲ್ಲಿ ಬೇಯಿಸಿ ತೆಗೆಯದೆ ಬಣ್ಣ ಕೂರುವುದಿಲ್ಲ. ನೀರು ಖಾರವಾದರೆ ಎಳೆಯೇ ಸತ್ತುಹೋಗುತ್ತದೆ, ಸಪ್ಪೆಯಾದರೆ ಅಂಟು ಉಳಿಯುತ್ತದೆ. ನಮ್ಮ ನಾಗಮಂಗಲದ ಕಡೆಯಿಂದ ಬರುವ ಚೌಳುಮಣ್ಣೋ, ಒಂದು ಗಾಡಿಯದು ಇದ್ದಂತೆ ಇನ್ನೊಂದು ಗಾಡಿಯದು ಇರುವುದಿಲ್ಲ. ಹಾಗಾಗಿ ಕಡಾಯಿಯಿಂದ ಒಂದು ಬಟ್ಟಲು ನೀರು ತೆಗೆದು ಅರಿಸಿನ ಹಾಕುತ್ತಿದ್ದೆವು, ಕೆಂಪಾಗುತ್ತಿತ್ತು. ನವಿಲುಗರಿಯ ದಂಟಿನಿಂದ ನಿಂಬೆರಸವನ್ನು ಹನಿಹನಿಯಾಗಿ ಬಿಟ್ಟರೆ, ಯಾವುದೋ ಒಂದು ಹನಿಗೆ ಸರಕ್ಕನೆ ಹಳದಿಗೆ ತಿರುಗುತ್ತಿತ್ತು. ಎಷ್ಟು ಹನಿ ಕುಡಿಯಿತೋ ಅಷ್ಟು ಖಾರ.

ಆದರೆ ಹಣ್ಣಿನ ಹುಳಿಯೂ ದಿನಕ್ಕೊಂದು ಥರ. "ನಿಂಬೆಣ್ಣ ನಂಬ್ಬೇಡ ಕಣ್ಲಾ, ಮೊದ್ಲು ಅದ್ರ ಬಾಯಿ ಬುಡ್ಸು" ಎನ್ನುವರು ದೊಡ್ಡಯ್ಯ. ಬಾಯಿ ಬಿಡಿಸುವುದಕ್ಕೇ ಆ ಪೊಟ್ಟಣ. ಅದರಲ್ಲಿದ್ದದ್ದು ಶುದ್ಧ ಮಾಡಿದ ಚೌಳುಪ್ಪು. ಗುಲಗಂಜಿ ಇಟ್ಟು ಅದನ್ನು ತೂಗಿ, ಒಂದು ಬಟ್ಟಲು ನೀರಿನಲ್ಲಿ ಕರಗಿಸಿ, ಈ ದಿನದ ರಸ ಅದಕ್ಕೆ ಎಷ್ಟು ಹನಿ ಹಿಡಿಯುತ್ತದೆಂದು ಮೊದಲು ನೋಡಬೇಕು. ಕಡಾಯಿಯಿಂದ ತೆಗೆದ ಒಂದು ಬಟ್ಟಲು ನೀರು ಅದರ ಎರಡರಷ್ಟು ಹನಿ ಕುಡಿದರೆ ರೇಷ್ಮೆ ಇಳಿಸಬಹುದು. ಇಡೀ ವಿದ್ಯೆ ನಿಂತಿದ್ದದ್ದು ಆ ಚಿಟಿಕೆ ಉಪ್ಪಿನ ತೂಕದ ಮೇಲೆ.

ಬರಬರುತ್ತಾ ಅವರ ಕಣ್ಣಿಗೆ ಪೊರೆ ಬಂತು. ಹಳದಿ ತಿರುಗುವುದು ಕಾಣದೆ, "ಬಂತಾ? ಬಂತೇನ್ಲಾ?" ಎಂದು ಪ್ರತಿ ಹನಿಗೂ ಕೇಳುವರು. ನಾನು ಬಂತು ಎಂದ ಮೇಲೇ ರೇಷ್ಮೆ ಇಳಿಯುತ್ತಿತ್ತು. "ಇನ್ಮ್ಯಾಕೆ ನನ್ ಕಣ್ಣು ನೀನೇ ಕಣ್ಲಾ" ಎಂದು ಒಮ್ಮೆ ಹೆಗಲ ಮೇಲೆ ಕೈಯಿಟ್ಟರು. ನನ್ನಪ್ಪನೂ ಹಾಗೆ ಕೈಯಿಟ್ಟವನಲ್ಲ. ಅಂದು ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಬಣ್ಣದ ಮನೆ ನೋಡಿಕೊಳ್ಳುತ್ತಿದ್ದ ದರೋಗನಿಗೂ ಅವರ ಕಣ್ಣಿನ ವಿಷಯ ಗೊತ್ತಾಯಿತು. "ಉಸ್ತಾದ್, ಈ ಸಲ ಇವ್ನು ಒಬ್ನೇ ಮಾಡ್ಲಿ. ಬರೋಬರ್ ಬಂದ್ರೆ ಮುಂದಕ್ಕೆ ಇವ್ನೇ ಮೇಸ್ತ್ರಿ. ಇಲ್ಲಾಂದ್ರೆ ಇವ್ನೂ ಬೇಡ" ಎಂದ. ದೊಡ್ಡಯ್ಯ ನಕ್ಕು ತಲೆಯಾಡಿಸಿದರು.

ಮಳೆ ಹಿಡಿದ ದಿನವದು. ದೊಡ್ಡಯ್ಯ ಬರಿಗೈಯಲ್ಲಿ ಬಂದರು. ಪೊಟ್ಟಣಕ್ಕೆ ಕೈಯೊಡ್ಡಿದರೆ, "ಇವತ್ತು ತರ್ನಿಲ್ಲ. ಮೂಲೆ ಭರಣೀಲಿ ಚೌಳುಪ್ಪು ಐತಲ್ಲ, ಅದ್ನೇ ತಕೊ" ಎಂದರು. ತೂಗಿದೆ. ಅವರು ಹತ್ತಿರ ಬಂದು ತಕ್ಕಡಿಯ ತಟ್ಟೆಯಿಂದ ನಾಲ್ಕು ಹರಳು ಎತ್ತಿ ಬೆರಳಲ್ಲಿ ಉಜ್ಜಿದರು. ಆ ಬೆರಳುಗಳು ಈಗಲೂ ನನ್ನ ಕಣ್ಣ ಮುಂದಿವೆ. "ಸರಿಯಾಗೈತೆ, ನಡ್ಸು" ಎಂದು ಹೋಗಿ ಜಗಲಿಯ ಮೇಲೆ ಕೂತರು. ಬೇಯಿಸಿ ತೆಗೆದ ರೇಷ್ಮೆ ಕೈಗೆ ಸ್ವಲ್ಪ ಬಿರುಸೆನಿಸಿ ತೋರಿಸಿದಾಗಲೂ, "ಒಣಗಿದ್ರೆ ಮೆತ್ತಗಾಯ್ತದೆ ಬುಡು" ಎಂದರು.

ಮೆತ್ತಗಾಗಲಿಲ್ಲ. ಅರಮನೆಗೆ ಹೋಗಬೇಕಿದ್ದ ಅರಗಿನ ಕೆಂಪು ಅಲ್ಲಲ್ಲಿ ಕೂತು ಅಲ್ಲಲ್ಲಿ ಜಾರಿ, ಚಿಬ್ಬು ಹತ್ತಿದ ಮೈಯಂತಾಗಿತ್ತು. ದರೋಗ ಅದನ್ನು ನನ್ನ ಮುಖದ ಮೇಲೆ ಎಸೆದ. ನಾನು ದೊಡ್ಡಯ್ಯನ ಕಡೆ ನೋಡಿದೆ. ಅವರು ನೆಲ ನೋಡುತ್ತಾ, "ಕೈ ಪಳಗನಿಲ್ಲ ಸ್ವಾಮಿ, ಏನ್ ಮಾಡನ. ನಾನೇ ಮಾಡ್ಕೊಡ್ತೀನಿ" ಎಂದರು. ಮಾರನೆಯ ದಿನ ಹೊಸ ರೇಷ್ಮೆ, ಅವರ ಸೊಂಟದಲ್ಲಿ ಪೊಟ್ಟಣ, ಹಳದಿ ನೋಡಲು ಬೇರೊಬ್ಬನ ಕಣ್ಣು. ಕೆಂಪು ಕುಂಕುಮದಂತೆ ಕೂತಿತಂತೆ. ನಾನು ಅಷ್ಟರಲ್ಲಿ ಕರಿಘಟ್ಟ ದಾಟಿ ಊರಿನ ದಾರಿ ಹಿಡಿದಿದ್ದೆ. ನನ್ನ ಕೈಯನ್ನೇ ಬೈದುಕೊಳ್ಳುತ್ತಾ ನಡೆದೆ.

ಊರಲ್ಲಿ ನೇಕಾರರಿಗೆ ನೂಲು ಬೇಯಿಸಿ ಕೊಡುತ್ತಾ ಹೇಗೋ ಬದುಕಿದೆ. ಒಂದು ಸೋನೆಯ ದಿನ ಹೆಂಡತಿ, ನೀರೊಡೆದ ಅಡುಗೆ ಉಪ್ಪನ್ನು ಬಾಣಲೆಯಲ್ಲಿ ಹುರಿದು, ಎಲೆಯಲ್ಲಿ ಕಟ್ಟಿ, "ಅಟ್ಟದ್ ಮ್ಯಾಲಿಕ್ಕಿ" ಎಂದು ನನ್ನ ಕೈಗೆ ಕೊಟ್ಟಳು. ಅಂಗೈಗೆ ಆ ಬಿಸಿ ತಾಗಿದ್ದೇ ತಡ, ದೊಡ್ಡಯ್ಯನ ಪೊಟ್ಟಣ ನೆನಪಾಯಿತು. ಚೌಳುಪ್ಪನ್ನು ಹುರಿಯುವ ಮೊದಲೂ ಹುರಿದ ಮೇಲೂ ತೂಗಿ ನೋಡಿದೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು! ನಾನು ಅಂದು ಉಪ್ಪಿನ ಜೊತೆ ಮಳೆಯನ್ನೂ ತೂಗಿದ್ದೆ. ಆ ಅರೆ ಉಪ್ಪು ಹಿಡಿದ ಕಡಿಮೆ ಹನಿಯನ್ನೇ ನಂಬಿ ಕಡಾಯಿಯ ನೀರನ್ನು ಸಪ್ಪೆ ಬಿಟ್ಟಿದ್ದೆ, ರೇಷ್ಮೆಯ ಅಂಟು ಹೋಗಿರಲಿಲ್ಲ. ದೊಡ್ಡಯ್ಯ ದಿನವೂ ಮನೆಯಲ್ಲಿ ಹುರಿದೇ ತರುತ್ತಿದ್ದರು. ಆ ಬಿಸಿ ಬಾಣಲೆಯದು, ಅವರ ಮೈಯದಲ್ಲ. ನಾಲ್ಕು ಹರಳು ಉಜ್ಜಿದ ಆ ಬೆರಳುಗಳಿಗೆ ಎಲ್ಲವೂ ಗೊತ್ತಿತ್ತು. ಕುದ್ದುಹೋದೆ. ವರ್ಷಗಟ್ಟಲೆ ಕುದಿಯುತ್ತಲೇ ಇದ್ದೆ.

ಯುದ್ಧದಲ್ಲಿ ಪಟ್ಟಣದ ಕೋಟೆ ಬಿದ್ದ ವರ್ಷ, ಬಣ್ಣದ ಮನೆ ಸುಟ್ಟುಹೋಗಿ, ದೊಡ್ಡಯ್ಯ ದಿಕ್ಕಿಲ್ಲದೆ, ಯಾರದೋ ಗಾಡಿಯಲ್ಲಿ ನಮ್ಮ ಬಾಗಿಲಿಗೇ ಬಂದಿಳಿದರು. ಪೂರಾ ಕುರುಡು. ಹೆಂಡತಿ ನೀರು ಕೊಟ್ಟಳು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಉಪ್ಪು ಉರೀಬೇಕು ಅಂತ ಯಾಕೆ ಏಳ್ನಿಲ್ಲ ದೊಡ್ಡಯ್ಯ?"

ಯಾವ ಉಪ್ಪು ಎಂದು ಅವರು ತಿರುಗಿ ಕೇಳಲಿಲ್ಲ, ನಾಟಕ ಮಾಡಲಿಲ್ಲ. "ಕಣ್ಣು ನಿಂದಾಗೋಗಿತ್ತು. ಉಪ್ಪನ್ನೂ ಏಳ್ಕೊಟ್ಟಿದ್ರೆ ಆಮ್ಯಾಕೆ ನನ್ನ ಯಾರ್ಲಾ ಕರೀತಿದ್ರು?" ಎಂದರು.

ಹೊರಗೆ ಹಾಕಬೇಕೆನಿಸಿತು. ಹಾಕಲಿಲ್ಲ. ಅವರು ಮುರಿದುಕೊಟ್ಟ ಮುದ್ದೆಗಳು ಹೊಟ್ಟೆಯಲ್ಲಿದ್ದವಲ್ಲ. ಕ್ಷಮಿಸಿದೆ ಎಂದು ಮಾತ್ರ ಯಾರೂ ತಿಳಿಯಬೇಡಿ.

ಮುಂದಿನ ಮಳೆಗಾಲಕ್ಕೆ ಅವರಿಗೆ ಸೊಂಟ ಹಿಡಿದು ಏಳಲಾಗಲಿಲ್ಲ. ಶಾಖ ಕೊಡಲೆಂದು ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಪೊಟ್ಟಣ ಇರುತ್ತಿದ್ದ ಜಾಗದಲ್ಲೇ ಇಟ್ಟೆ. ತಡವಿ ನೋಡಿದರು. ಗಂಟನ್ನು ಬೆರಳಲ್ಲಿ ಉಜ್ಜಿದರು.

"ಚೆನ್ನಾಗ್ ಉರ್ದಿದ್ದೀಯ ಕಣ್ಲಾ," ಎಂದರು. "ಒಂದ್ ಹನಿ ನೀರಿಲ್ಲ."

ಎರಡು ದಿನಕ್ಕೆ ತೀರಿಕೊಂಡರು. ಆ ಮಾತನ್ನು ಅವರು ಗಂಜಾಮಿನಲ್ಲಿ ಹೇಳಬೇಕಿತ್ತು.