ಕಾಕಾ ತೋರಿಸಿದ ಊರು

ನನ್ನ ಗಂಡನ ಕಾಕಾ ಒಂದು ಕೆಲಸವನ್ನು ತಾವಾಗಿಯೇ ಹಚ್ಚಿಕೊಂಡಿದ್ದರು. ಸವಣೂರಿನಲ್ಲಿ ಯಾರ ಮನೆಗೇ ಬೀಗರು ಬರಲಿ, ವರ್ಗವಾಗಿ ಹೊಸ ಮಾಸ್ತರರು ಬರಲಿ, ಅವರನ್ನು ಕಾಲ್ನಡಿಗೆಯಲ್ಲಿ ಸುತ್ತಾಡಿಸಿ ಊರು ತೋರಿಸುವುದು. ಅಡುಗೆ ಆಗುವವರೆಗೆ ಬಂದವರನ್ನು ಏನು ಮಾಡಬೇಕೆಂದು ತೋಚದ ಮನೆಯವರೆಲ್ಲ ಅವರಿಗೆ ಹೇಳಿಕಳಿಸುತ್ತಿದ್ದರು. ಬಿಳಿ ಟೊಪ್ಪಿಗೆ ಹಾಕಿಕೊಂಡು, ಮಳೆ ಇರಲಿ ಬಿಡಲಿ ಛತ್ರಿ ಹಿಡಿದು, ಕಾಕಾ ಬಂದುಬಿಡುತ್ತಿದ್ದರು. ನನ್ನ ಮದುವೆ ಆದದ್ದೂ ಅವರು ಹೀಗೆ ಊರು ತೋರಿಸಿದ್ದರಿಂದಲೇ.

ನವಾಬರ ಅರಮನೆ, ಮಠ, ಆ ದೊಡ್ಡ ಹುಣಸೆಮರಗಳು, ಇವು ಯಾವುವನ್ನೂ ಅವರು ತೋರಿಸುತ್ತಿರಲಿಲ್ಲ. ಅವನ್ನು ಬಸ್ಸಿನಿಂದ ಇಳಿದವರು ಯಾರು ಬೇಕಾದರೂ ನೋಡುತ್ತಾರೆ, ಅದಕ್ಕೆ ನಾನು ಯಾಕೆ ಬೇಕು ಎನ್ನುವುದು ಅವರ ವಾದ. ಅವರು ಕರೆದೊಯ್ಯುತ್ತಿದ್ದುದು ಓಣಿಗಳೊಳಗೆ. ಖಾರಾ ಕರಿಯುವವರ ಓಣಿ, ಅತ್ತರು ಮಾರುವ ಮುದುಕನ ಕಟ್ಟೆ, ಹಳೆಯ ಮಸೂತಿಯ ಹಿಂದಿನ ಬಾವಿ, ಕೊನೆಗೆ ಬಸ್‌ಸ್ಟ್ಯಾಂಡ್ ಕಡೆಗೆ ಹೊಸದಾಗಿ ಎದ್ದ ಪೇಟೆ. ಎಪ್ಪತ್ತರ ದಶಕದ ನಡುವೆ ಆ ಪೇಟೆಗೆ ಬಲು ಶೋಕಿ ಬಂದಿತ್ತು. ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮಿನ ಹೋಟೆಲು, ಗಾಜಿನ ಕಪಾಟಿನಲ್ಲಿ ಮದುಮಕ್ಕಳ ಫೋಟೋ ನಿಲ್ಲಿಸಿದ ಸ್ಟುಡಿಯೋ, ಬೆಲ್‌ಬಾಟಂ ಹೊಲಿಯುವ ಟೇಲರ್ ಅಂಗಡಿ. ಆ ಟೇಲರೇ ನನ್ನ ಗಂಡ. ದೊಡ್ಡ ಮನೆತನದವರ ಒಂದೇ ವಾಡೆಯನ್ನು ಹೋಗುವಾಗ ಮುಂದಿನಿಂದ, ಬರುವಾಗ ಹಿಂದಿನಿಂದ ತೋರಿಸುವ ಚಾಳಿ ಕಾಕಾರದು. ಹೀಗಾಗಿ ಬಂದವರಿಗೆ ನಮ್ಮ ಊರು ಇದ್ದದ್ದಕ್ಕಿಂತ ದುಪ್ಪಟ್ಟು ಕಾಣುತ್ತಿತ್ತು.

ನನ್ನ ತವರು ಹಾನಗಲ್ಲ ತಾಲೂಕಿನ ತಿಳವಳ್ಳಿ. ಈ ಸಂಬಂಧಕ್ಕೂ ಮೊದಲು ಶಿಗ್ಗಾಂವಿಯ ಒಂದು ಗಂಡನ್ನು ನಾನು ಒಲ್ಲೆ ಎಂದಿದ್ದೆ. ಆ ಮನೆ ಬಹಳ ಸಣ್ಣದು ಎಂದು ಕೇಳಿದ್ದೆ, ಅಷ್ಟೇ ಕಾರಣ. ಅಪ್ಪ ಬೈಯಲಿಲ್ಲ, ಆದರೆ ಮುಖ ಸಣ್ಣದು ಮಾಡಿಕೊಂಡಿದ್ದ. ಆಮೇಲೆ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಸವಣೂರಿಗೆ ಹೋಗಿ ಬಂದವನು ಮನೆಯೊಳಗೆ ಕಾಲಿಡುತ್ತಲೇ ಮಾತು ಸುರು ಮಾಡಿದ. ಕೆತ್ತನೆ ಬಾಗಿಲಿನ ದೊಡ್ಡ ವಾಡೆಯಂತೆ, ಪಡಸಾಲೆಯಲ್ಲಿ ಊಟವಂತೆ, ಮೂಲೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಂಚವಂತೆ. ಹಿತ್ತಲಿನಾಚೆ ಎಲೆತೋಟ. ಹುಡುಗನ ಕಾಕಾ ತಾವೇ ಬಳ್ಳಿಯಿಂದ ವೀಳ್ಯದೆಲೆ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಅವ್ವ ಆ ಎಲೆಗಳನ್ನು ಮೂಸಿ ನೋಡಿದಳು. ನಾನು ಬಾಗಿಲ ಹಿಂದೆ ನಿಂತು ಹೂಂ ಅಂದೆ. ನಿಜ ಹೇಳಬೇಕೆಂದರೆ ನಾನು ಒಪ್ಪಿದ್ದು ಹುಡುಗನನ್ನಲ್ಲ, ತೂಗುಮಂಚವನ್ನು.

ಲಗ್ನ ತಿಳವಳ್ಳಿಯಲ್ಲೇ ಆಯಿತು. ಗಂಡನ ಮನೆಗೆ ಹೊರಟಾಗ ನನ್ನ ಜೊತೆಗೆ ದೊಡ್ಡವ್ವ ಬಂದಳು. ಸವಣೂರಲ್ಲಿ ಬಸ್ಸಿಳಿದು ನಡೆಯುತ್ತ ಹೋದರೆ ಅಪ್ಪ ಹೇಳಿದ ವಾಡೆ ಎದುರಾಯಿತು. ಅದೇ ಕೆತ್ತನೆಯ ಬಾಗಿಲು, ಒಳಗೆ ಅದೇ ಹಿತ್ತಾಳೆ ಸರಪಳಿ. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ಅತ್ತೆ ಹಿಂದಿನಿಂದ ಮೆಲ್ಲಗೆ ಸೆರಗು ಹಿಡಿದು ಜಗ್ಗಿದರು.

“ಅದಲ್ಲವಾ. ನಮ್ಮ ಮನಿ ಮುಂದೈತಿ.”

ಮುಂದೆ ಅಂದರೆ ಓಣಿಯೊಳಗೆ, ಖಾರಾ ಕರಿಯುವವರ ಅಂಗಡಿಯ ಹಿಂದೆ. ಎರಡು ಖೋಲಿ. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಹೊಲಿಗೆ ಮಷೀನು. ಯಾರೋ ಚೇಷ್ಟೆ ಮಾಡುತ್ತಿದ್ದಾರೆ, ಈಗ ನಕ್ಕು ತಿರುಗಿ ವಾಡೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಒಂದು ಗಳಿಗೆ ಕಾದೆ. ಯಾರೂ ನಗಲಿಲ್ಲ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಲಗಾಲಿನಿಂದ ಮೆಲ್ಲಗೆ ಒದೆಯವ್ವಾ ಅಂದರು. ನಾನು ಎಷ್ಟು ಜೋರು ಒದ್ದೆನೆಂದರೆ ಅದು ಹೋಗಿ ಹಿಂದಿನ ಗೋಡೆಗೆ ಬಡಿಯಿತು. ಆ ಗೋಡೆ ಬಹಳ ದೂರವೇನೂ ಇರಲಿಲ್ಲ.

ದೊಡ್ಡವ್ವ ತಿಳವಳ್ಳಿಗೆ ತಿರುಗಿ ಹೋಗಿ ಕಂಡದ್ದನ್ನು ಕಂಡಂತೆ ಹೇಳಿದಳು. ಅವ್ವ ಅತ್ತಳಂತೆ. ಅಪ್ಪ ಒಂದು ಮಾತೂ ಆಡಲಿಲ್ಲವಂತೆ. ಪಾಪ, ಮೋಸಹೋದ ಮನುಷ್ಯ, ನಾಚಿಕೆಯಿಂದ ಬಾಯಿ ಕಟ್ಟಿದೆ ಎಂದು ನಾನು ಅಪ್ಪನಿಗಾಗಿಯೇ ಇನ್ನಷ್ಟು ಮರುಗಿದೆ. ಸಿಟ್ಟೆಲ್ಲ ಕಾಕಾರ ಮೇಲೆ ಹರಿಯಿತು. ಮಂದಿಯ ಮನೆಯ ತೂಗುಮಂಚದ ಮೇಲೆ ಕುಳಿತು, ಮಂದಿಯ ತೋಟದ ಎಲೆ ಕಿತ್ತುಕೊಟ್ಟು, ಹೆಣ್ಣು ತಂದ ಮನುಷ್ಯ!

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ನನ್ನ ಅಪ್ಪನನ್ನು ಆ ವಾಡೆಯಲ್ಲಿ ಯಾಕೆ ಕೂರಿಸಿದಿರಿ ಎಂದು. ಕಾಕಾ ಬೆಚ್ಚಿಬಿದ್ದರು. ಅವರಿಗೆ ನನಗಿಂತ ಹೆಚ್ಚು ಧಕ್ಕೆಯಾದಂತಿತ್ತು.

“ನಮ್ಮದು ಅಂತ ನಾ ಎಲ್ಲಿ ಅಂದೇನವಾ? ನಮ್ಮ ಮನ್ಯಾಗ ಮೂರ ಮಂದಿ ಉಣ್ಣಾಕ ಕುಂತ್ರ ನೀಡಾವ್ರಿಗೆ ಜಾಗಾ ಇಲ್ಲ.”

ಆಮೇಲೆ ತಿಳಿಯಿತು. ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೂ ವಾಡೆಯ ಯಜಮಾನರು ತಮ್ಮ ಪಡಸಾಲೆ ಬಿಟ್ಟುಕೊಡುತ್ತಿದ್ದರು. ಅಡುಗೆ ಅವರವರ ಮನೆಯದು, ಊಟದ ಎಲೆ ಹಾಕುವುದು ವಾಡೆಯಲ್ಲಿ. ಊರಿಗೆ ಊರೇ ಹಾಗೆ ಮಾಡಿಕೊಂಡು ಬಂದಿತ್ತು. ಹೊರಗಿನಿಂದ ಬಂದವರು ಅದನ್ನು ಬೇರೆಯಾಗಿ ತಿಳಿದುಕೊಂಡಾರು ಎಂಬುದು ಕಾಕಾರ ತಲೆಗೆ ಹೊಳೆದೇ ಇರಲಿಲ್ಲ. ನಮ್ಮ ತಿಳವಳ್ಳಿಯಲ್ಲಾದರೋ ಮಂದಿಯ ತೋಟದ ಬೇಲಿಗೆ ಕೈ ಹಚ್ಚಿದರೆ ಜಗಳ. ಎಲೆ ಕಿತ್ತವನೇ ತೋಟದವನು ಎಂದು ಅಪ್ಪ ತಿಳಿದದ್ದರಲ್ಲಿ ತಪ್ಪೇನಿದೆ ಎಂದು ನಾನು ಹಲ್ಲು ಕಚ್ಚಿಕೊಂಡೆ.

ವರ್ಷಗಳು ಹೋದವು. ಗಂಡ ಒಳ್ಳೆಯವನಿದ್ದ, ಮಾತು ಕಡಿಮೆ, ಕೆಲಸ ಹೆಚ್ಚು. ಮಗಳು ಹುಟ್ಟಿದಳು. ನನ್ನ ಸೀರೆಗಳಿಗೆಲ್ಲ ಕರಿದ ಎಣ್ಣೆಯ ವಾಸನೆ ಹತ್ತಿತು. ಹಾಲು ಕಡಿಮೆ ಬಿದ್ದರೆ, ಕೂಸಿಗೆ ಜ್ವರ ಬಂದರೆ, ಯಾರ ಮನೆಯ ಬಾಗಿಲನ್ನಾದರೂ ದೂಡಿ ಒಳಗೆ ಹೋಗಬಹುದಿತ್ತು. ಹೋಗುತ್ತಲೂ ಇದ್ದೆ. ಆ ವಾಡೆಯ ಮೆಟ್ಟಿಲು ಮಾತ್ರ ಹತ್ತಲಿಲ್ಲ, ತೋಟದೊಳಗೂ ಕಾಲಿಡಲಿಲ್ಲ. ಯಜಮಾನರು ಎಷ್ಟೋ ಸಲ ಕರೆದರು. ನನ್ನ ಹಟ ನನಗೆ.

ಎಂಬತ್ತರ ದಶಕ ಬಂತು. ಪೇಟೆಯ ಮಾಳಿಗೆಗಳ ಮೇಲೆ ಟಿವಿ ಆಂಟೆನಾ ಎದ್ದವು, ಅತ್ತರಿನ ಕಟ್ಟೆ ಒಡೆದು ಕ್ಯಾಸೆಟ್ ಅಂಗಡಿ ಮಾಡಿದರು, ನಾಲ್ಕು ಹಳೆಯ ಮನೆಗಳು ಬಿದ್ದು ಅಂಗಡಿಸಾಲು ಆಯಿತು. ಕಾಕಾ ತಮ್ಮ ದಾರಿಯನ್ನು ಅಷ್ಟಷ್ಟೇ ತಿದ್ದಿಕೊಳ್ಳುತ್ತಿದ್ದರು, ವಾಡೆಯೊಂದನ್ನು ಬಿಡುತ್ತಿರಲಿಲ್ಲ. ರೇಡಿಯೋ ರಿಪೇರಿ ಮಾಡುತ್ತಿದ್ದ ನನ್ನ ಮೈದುನನಿಗೆ ಹಿರೇಕೆರೂರಿನಿಂದ ಹೆಣ್ಣಿನವರು ಬರುವುದಾಯಿತು. ಹುಡುಗಿಯ ಅಪ್ಪ, ಅವ್ವ, ಒಬ್ಬ ಸೋದರಮಾವ. ಗಂಡಸರನ್ನು ಕಾಕಾ ಮುಂದೆ ಮಾಡಿಕೊಂಡು ಹೊರಟರು. ಹುಡುಗಿಯ ಅವ್ವನಿಗೆ ಕಾಕಾರ ಜೋರು ನಡಿಗೆ ಸಾಗುವಂತಿರಲಿಲ್ಲ. ಅವರಿಗೆ ನೀನೇ ಊರು ತೋರಿಸು ಎಂದು ಅತ್ತೆ ನನಗೆ ಹೇಳಿದರು. ಹೇಳುವಾಗ ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಏನು ತೋರಿಸಬೇಕು, ಏನು ಆಡಬಾರದು ಎಲ್ಲ ಆ ನೋಟದಲ್ಲಿತ್ತು.

ಖಾರಾದ ಓಣಿ ತೋರಿಸಿದೆ. ಕ್ಯಾಸೆಟ್ ಅಂಗಡಿ ತೋರಿಸಿದೆ. ಆ ಹೆಂಗಸು ನಿಧಾನವಾಗಿ, ಎಲ್ಲವನ್ನೂ ನೋಡುತ್ತ ಬಂದರು. ನನಗೆ ಮಾತ್ರ ಕಣ್ಣ ಮುಂದೆ ಬರುತ್ತಿದ್ದುದು ಹಿರೇಕೆರೂರಿನಲ್ಲಿ ಬಾಗಿಲ ಹಿಂದೆ ನಿಂತಿರುವ, ನಾನು ಕಾಣದ ಒಂದು ಹುಡುಗಿ. ಅವಳೂ ತೂಗುಮಂಚಕ್ಕೆ ಹೂಂ ಅನ್ನುವವಳೇ. ವಾಡೆಯ ಮುಂದೆ ಬಂದಾಗ ನನ್ನಿಂದ ಆಗಲಿಲ್ಲ.

“ಅಕ್ಕಾರ, ನಿಂತು ಕೇಳ್ರಿ. ಈ ವಾಡೆ ನಮ್ಮದಲ್ಲ. ಹಿಂದಿನ ತೋಟಾನೂ ನಮ್ಮದಲ್ಲ. ನಮ್ಮದು ಎರಡ ಖೋಲಿ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಗೊತ್ತೈತಿ ತಂಗಿ. ನಿಮ್ಮಪ್ಪಾರು ಎಲ್ಲಾ ಹೇಳ್ಯಾರ.”

ಒಂದು ಮನೆಗೆ ಹೆಣ್ಣು ಕೊಡುವ ಮೊದಲು ಆ ಮನೆಗೆ ಈಗಾಗಲೇ ಹೆಣ್ಣು ಕೊಟ್ಟವರನ್ನು ಹೋಗಿ ವಿಚಾರಿಸುವುದು ನಮ್ಮ ಕಡೆಯ ರೂಢಿ. ಇವರೂ ಹಿಂದಿನ ವಾರ ತಿಳವಳ್ಳಿಗೆ ಹೋಗಿದ್ದರು. ಅಪ್ಪ ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದ್ದ. ಅಂದು ತೋಟದಲ್ಲಿ ಕಲ್ಲಿನ ಮೇಲೆ ಕುಳಿತು ಎಲೆ ಹಾಕಿಕೊಳ್ಳುವಾಗ ವಾಡೆಯ ಯಜಮಾನರು ಬಂದರಂತೆ, ಕಾಕಾ ತಟ್ಟನೆ ಎದ್ದು ಅವರಿಗೆ ಜಾಗ ಕೊಟ್ಟರಂತೆ. ಎದ್ದ ರೀತಿಯಲ್ಲೇ ಅಪ್ಪನಿಗೆ ತೋಟವೂ ವಾಡೆಯೂ ಯಾರದೆಂದು ತಿಳಿದುಹೋಯಿತಂತೆ. ಅಂದರೆ ತಿಳವಳ್ಳಿಗೆ ತಿರುಗಿ ಬರುವ ಬಸ್ಸು ಹತ್ತುವ ಮೊದಲೇ.

“‘ಮನಿ ಸಣ್ಣದೈತಿ. ಆದ್ರ ಆ ಕಾಕಾನ ಕೂಡ ಒಮ್ಮಿ ಊರಾಗ ಅಡ್ಡಾಡ್ರಿ. ಯಾವ ಮನ್ಯಾಗೂ ಅಂವನ್ನ ಹೊರಗ ನಿಂದರಿಸಂಗಿಲ್ಲ. ಅದನ್ನ ನೋಡಿ ನಾ ಮಗಳನ್ನ ಕೊಟ್ಟೇನಿ’ ಅಂದ್ರು ನಿಮ್ಮಪ್ಪ.”

“ಮತ್ತ ನನಗ ಯಾಕ ಹೇಳಲಿಲ್ಲಂತ?”

“ಹೇಳಿದ್ರ ನೀ ಒಲ್ಲೆ ಅಂತಿದ್ದಿ ಅಂತ.”

ಒಲ್ಲೆ ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು. ಇಷ್ಟು ವರ್ಷ ಯಾರಿಗಾಗಿ ಮರುಗಿದೆನೋ ಅವನೇ ನನಗೆ ಸುಳ್ಳು ಹೇಳಿದವನು. ಯಾರ ಮೇಲೆ ಹಲ್ಲು ಕಡಿದೆನೋ ಆ ಕಾಕಾ ಬರೀ ಊರು ತೋರಿಸಿದ್ದರು.

ಆ ಹೆಂಗಸು ನನ್ನ ಕೈ ಹಿಡಿದುಕೊಂಡರು. “ನಿಮ್ಮಪ್ಪ ಹೇಳಿದ್ದು ಕೇಳೇನಿ. ಬಾಳೇವು ಮಾಡಿದಾಕಿ ನೀ. ನೀ ಹೇಳವಾ, ಕೊಡ್ಲೋ ಬ್ಯಾಡೋ?”

ಮಗಳಿಗೆ ಇದನ್ನೆಲ್ಲ ಹೇಳಿದ್ದೀರಾ ಎಂದು ಕೇಳಿದೆ. ಇನ್ನೂ ಇಲ್ಲ, ಸಣ್ಣ ಮನೆ ಅಂದರೆ ಹೆದರಿಯಾಳು, ಲಗ್ನವಾದ ಮೇಲೆ ತಾನೇ ಹೊಂದಿಕೊಳ್ಳುತ್ತಾಳೆ ಅಂದರು. ಅಪ್ಪನ ಧಾಟಿಯೇ.

“ಆಕಿಗೆ ಹೇಳ್ರಿ. ಎಲ್ಲಾ ಕೇಳಿದ ಮ್ಯಾಲೆ ಆಕಿ ಹೂಂ ಅಂದ್ರ ಕೊಡ್ರಿ. ಇಲ್ಲಂದ್ರ ಬ್ಯಾಡ್ರಿ.”

ಮರುದಿನವೇ ನನ್ನ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ತಿಳವಳ್ಳಿಗೆ ಹೊರಟೆ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸುವಾಗ, ಹಾನಗಲ್ಲಿನಲ್ಲಿ ಕಾಯುವಾಗ, ಆಡಬೇಕಾದ ಮಾತುಗಳನ್ನು ಹೊಂದಿಸಿಕೊಳ್ಳುತ್ತಲೇ ಇದ್ದೆ. ಅಪ್ಪ ಅಂಗಳದಲ್ಲಿ ಕುಳಿತು ಗೋವಿನಜೋಳದ ತೆನೆ ಬಿಡಿಸುತ್ತಿದ್ದ. ನನ್ನನ್ನು ನೋಡುತ್ತಲೇ ಅವನಿಗೆ ತಿಳಿಯಿತು. ನಿನಗೆ ಗೊತ್ತಿತ್ತೇನು ಎಂದಷ್ಟೇ ಕೇಳಿದೆ. ಗೊತ್ತಿತ್ತು ಅಂದ.

“ಅಲ್ಲೆ ನಿನ್ನ ಯಾರರ ಹೊರಗ ನಿಂದರಿಸ್ಯಾರೇನು?”

“ಇಲ್ಲ. ಆದ್ರ ನೀ ನನಗ ಹೇಳಬೇಕಿತ್ತು.”

ಅಪ್ಪ ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟ. ಹೌದು ಅಂದ. ಒಳಗೆ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೂ ಅವನು ಹೇಳಿರಲಿಲ್ಲ. ಆ ಹೊತ್ತು ಅಪ್ಪ ರೊಟ್ಟಿಯನ್ನು ತಾನೇ ಹಾಕಿಕೊಂಡು ಉಣ್ಣಬೇಕಾಯಿತು.

ಸವಣೂರಿಗೆ ಬಂದರೆ ಮನೆಯಲ್ಲಿ ಬೇರೆ ಗುಡುಗು. ನಾನು ಆಡಿದ್ದು ಅತ್ತೆಗೆ ತಿಳಿದಿತ್ತು. ಬಂದ ಸಂಬಂಧ ಕೆಡಿಸಿದೆ ಎಂದು ಅವರು ಮಾತು ಬಿಟ್ಟರು, ಮೈದುನ ಊಟಕ್ಕೆ ತಡವಾಗಿ ಬರತೊಡಗಿದ. ಹಿರೇಕೆರೂರಿನಿಂದ ಸುದ್ದಿಯಿಲ್ಲ. ಕಾಕಾ ಒಬ್ಬರೇ ಎಂದಿನಂತಿದ್ದರು, ಆದರೆ ನನ್ನ ಕಣ್ಣಿಗೆ ಅವರು ಎಂದಿನಂತೆ ಕಾಣಲಿಲ್ಲ. ಅವರಿಗೆ ಚಹಾ ಕೊಡುವಾಗ ಈಗ ನಾನು ತಲೆ ತಗ್ಗಿಸುತ್ತಿದ್ದೆ.

ಒಂದು ಮುಂಜಾನೆ ಓಣಿಯ ತುದಿಯಲ್ಲಿ ಆ ಹೆಂಗಸು ಕಾಣಿಸಿದರು. ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಹೆಣ್ಣು ತಾನೇ ಬಸ್ಸು ಹತ್ತಿ ಗಂಡಿನ ಮನೆ ನೋಡಲು ಬಂದಿತ್ತು! ಓಣಿಗೆ ಓಣಿಯೇ ದಂಗಾಯಿತು. ಅತ್ತೆ ಬಾಯಿಗೆ ಸೆರಗು ಹಚ್ಚಿಕೊಂಡು ನಿಂತರು. ಖಾರಾದವನು ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಹೊರಗೆ ಬಂದ. ಮೈದುನ ಹಿತ್ತಲಿಗೆ ಓಡಿದ. ಕಾಕಾ ಒಬ್ಬರೇ ಟೊಪ್ಪಿಗೆ ಹಾಕಿಕೊಂಡು, ಛತ್ರಿ ತೆಗೆದುಕೊಂಡು, ಬರ್ರಿ ಎಂದು ಪೇಟೆಯ ಕಡೆ ಹೊರಟೇಬಿಟ್ಟರು.

“ಕಾಕಾರ, ಇವತ್ತ ಇಲ್ಲಿಂದ ಸುರು ಮಾಡೂಣ್ರಿ,” ಅಂದೆ. ನಮ್ಮ ಮನೆಯ ಬಾಗಿಲನ್ನು ಪೂರ್ತಿ ತೆರೆದೆ.

ಹುಡುಗಿ ಒಳಗೆ ಬಂದಳು. ಒಲೆ ನೋಡಿದಳು, ಮಷೀನು ನೋಡಿದಳು, ಕಿಟಕಿಯಿಂದ ಬರುವ ಎಣ್ಣೆಯ ವಾಸನೆಗೆ ಮೂಗು ಸೊಟ್ಟ ಮಾಡಿದಳು. ಅದನ್ನು ಮುಚ್ಚಿಡಲಿಲ್ಲ.

“ಇಷ್ಟೇ ಏನ್ರಿ ಅಕ್ಕಾ?”

“ಇಷ್ಟೇ.”

ಅವಳು ಇನ್ನೊಮ್ಮೆ ಸುತ್ತ ನೋಡಿದಳು. ಆಮೇಲೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಇನ್ನು ಊರು ತೋರಿಸಿರಿ ಎಂದು ಕಾಕಾರಿಗೆ ಹೇಳಿದಳು. ನನಗೆ ಅಳು ಬಂತು. ನನ್ನನ್ನು ಯಾರೂ ಹೀಗೆ ಕರೆತಂದು ತೋರಿಸಿರಲಿಲ್ಲ. ಕಣ್ಣೊರೆಸಿಕೊಂಡು ನಾನೂ ಹೊರಟೆ. ಮುಂದೆ ಕಾಕಾರ ಛತ್ರಿ, ಅದರ ಹಿಂದೆ ಹುಡುಗಿ ಮತ್ತು ಅವಳ ಅವ್ವ, ಎಲ್ಲರ ಹಿಂದೆ ನಾನು. ವಾಡೆಯ ಮೆಟ್ಟಿಲು ಹತ್ತಿದೆವು, ಪಡಸಾಲೆ ದಾಟಿದೆವು, ಹಿತ್ತಲಿನ ಬಾಗಿಲು ದೂಡಿದೆವು. ಆ ಎಲೆತೋಟದೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಅವತ್ತು.